ಮಾನಿಟರ್ ಕೆಟ್ಟಿಲ್ಲ, ಮೊದಲು ಕೇಬಲ್ ನೋಡಿ

ಹೋದ ತಿಂಗಳು ಸೈತಾಮಾದಿಂದ ಗೆಳೆಯನೊಬ್ಬ ರಾತ್ರಿ ಹತ್ತಕ್ಕೆ ಫೋನ್ ಮಾಡಿದ. "ಸೆಕೆಂಡ್ ಹ್ಯಾಂಡ್ ಮಾನಿಟರ್ ತಂದೆ ಮಾರಾಯ, ಪರದೆ ಪೂರ್ತಿ ಕಪ್ಪು. ಲ್ಯಾಪ್‌ಟಾಪೇ ಹೋಗಿರಬೇಕು, ನಾಳೆ ಹೊಸದು ತಗೋತೀನಿ" ಅಂದ. ಊರಿಗೆ ದುಡ್ಡು ಕಳಿಸೋ ವಾರ ಅದು. "ತಡಿ, ಅವಸರ ಮಾಡ್ಬೇಡ" ಅಂದೆ. ಟಿವಿಗೆ ಹಾಕಿದ್ದ ಎಚ್‌ಡಿಎಂಐ ಕೇಬಲ್ ಕಿತ್ತು ಹಾಕಿಸಿದೆ. ಚಿತ್ರ ಬಂತು! ಅವನು ಮೊದಲು ಹಾಕಿದ್ದು ಫೋನ್ ಚಾರ್ಜರಿನ ಟೈಪ್ ಸಿ ಕೇಬಲ್.

ನಿಮಗೂ ಹೀಗಾದರೆ ಈ ಕ್ರಮದಲ್ಲಿ ನೋಡಿ.

ಒಂದು, ಮಾನಿಟರಿನ ಇನ್‌ಪುಟ್. ಜಪಾನಿ ಮೆನುವಿನಲ್ಲಿ ಅದು "ನ್ಯೂರ್ಯೊಕು ಕಿರಿಕಾಎ". ಕೇಬಲ್ ಚುಚ್ಚಿದ ಕಿಂಡಿಯನ್ನೇ ಆರಿಸಿ.

ಎರಡು, ವಿಂಡೋಸ್ ಕೀ ಜೊತೆ ಪಿ ಒತ್ತಿ. "ಎಕ್ಸ್‌ಟೆಂಡ್" ಆರಿಸಿದರೆ ಎರಡೂ ಪರದೆ ಬೇರೆಬೇರೆಯಾಗಿ ಸಿಗುತ್ತವೆ.

ಮೂರು, ಟೈಪ್ ಸಿ. ಆಕಾರ ಒಂದೇ ಆದರೂ ಎಲ್ಲಾ ಕೇಬಲ್, ಎಲ್ಲಾ ಕಿಂಡಿ ಚಿತ್ರ ಸಾಗಿಸಲ್ಲ. ಕಿಂಡಿ ಪಕ್ಕ ಡಿಪಿ ಗುರುತು ಅಥವಾ ಥಂಡರ್‌ಬೋಲ್ಟಿನ ಮಿಂಚಿನ ಗುರುತು ಇದ್ದರೆ ಸಾಗಿಸುತ್ತದೆ. ಇಲ್ಲದಿದ್ದರೆ ಲ್ಯಾಪ್‌ಟಾಪ್ ಕೈಪಿಡಿ ನೋಡಿ.

ನಾಲ್ಕು, 4ಕೆ ಪರದೆಯಲ್ಲಿ ಮೌಸ್ ತಡವರಿಸಿದರೆ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ರಿಫ್ರೆಶ್ ರೇಟ್ ನೋಡಿ. ಎಚ್‌ಡಿಎಂಐ 1.4ರಲ್ಲಿ 4ಕೆ 30 ಹರ್ಟ್ಜ್‌ಗೆ ನಿಲ್ಲುತ್ತದೆ; 60 ಬೇಕಾದರೆ ಲ್ಯಾಪ್‌ಟಾಪ್, ಮಾನಿಟರ್ ಎರಡೂ 2.0 ಇರಬೇಕು, ಕೇಬಲ್ಲೂ ಅದಕ್ಕೆ ತಕ್ಕದ್ದಿರಬೇಕು.

ಟಿವಿಯನ್ನೇ ಮಾನಿಟರ್ ಮಾಡಿಕೊಂಡವರಿಗೆ ಅಂಚು ಕತ್ತರಿಸಿದಂತೆ ಕಂಡರೆ, ಚಿತ್ರದ ಗಾತ್ರದಲ್ಲಿ "ಡಾಟ್ ಬೈ ಡಾಟ್" ಇದ್ದರೆ ಅದನ್ನು ಆರಿಸಿ.

ಇನ್ನು ಕೊಳ್ಳೋ ಮಾತು. ಹಳೇ ಸಾಮಾನಿನ ಅಂಗಡಿಯಲ್ಲಿ "ಚೂಕೋ" ಅಂದರೆ ಬಳಸಿದ್ದು. "ಜಂಕು" ಅಂತ ಬರೆದಿದ್ದರೆ ಕೆಲಸ ಮಾಡುತ್ತೆ ಅನ್ನೋ ಭರವಸೆ ಇಲ್ಲ, ಸಾಮಾನ್ಯವಾಗಿ ವಾಪಸ್ಸೂ ತಗೊಳ್ಳಲ್ಲ. ಅಗ್ಗ ಅಂತ ಮುಗಿಬೀಳಬೇಡಿ.

ಯಾಕಂದ್ರೆ ಇಲ್ಲಿ ಎಸೆಯೋದೂ ಸುಲಭ ಅಲ್ಲ. ಕಂಪ್ಯೂಟರ್ ಮಾನಿಟರನ್ನು ಸಾಮಾನ್ಯವಾಗಿ "ಸೋದೈ ಗೋಮಿ"ಗೂ ತಗೊಳ್ಳಲ್ಲ. 2003ರ ಅಕ್ಟೋಬರ್ ನಂತರ ಮಾರಿದ ಮನೆಬಳಕೆಯ ಮಾನಿಟರಿನ ಹಿಂದೆ ಪಿಸಿ ರೀಸೈಕಲ್ ಗುರುತಿದ್ದರೆ ತಯಾರಕರೇ ಬೇರೆ ಶುಲ್ಕವಿಲ್ಲದೆ ವಾಪಸ್ ಪಡೀತಾರೆ. ಹಳೇದು ಕೊಳ್ಳುವಾಗ ಆ ಗುರುತೂ ನೋಡಿಕೊಳ್ಳಿ.

ನನ್ನ ಗೆಳೆಯ ಮರುದಿನ ಲ್ಯಾಪ್‌ಟಾಪ್ ಅಂಗಡಿಗೆ ಹೋಗಲಿಲ್ಲ. ಊರಿಗೆ ದುಡ್ಡು ಸರಿಯಾದ ದಿನಕ್ಕೇ ಹೋಯ್ತು. ಮುಂದಿನ ತಿಂಗಳು ಸಿಗೋಣ.