ಸೂಟಿ ಮುಗೀತು, ಜ್ವರ ಮುಗೀಲಿಲ್ಲ: ಮಚ್ಛೆ ಕಾರ್ಮಿಕರ ಕೈಯಾಗ ಉಳಿಯೋದು ಇಎಸ್‌ಐ ಚೀಟಿ ಒಂದೇ

ಮಚ್ಛೆ: ರಾಜ್ಯ ಸಚಿವ ಸಂಪುಟ ಅಕ್ಟೋಬರ್ 9, 2025ರಂದು ಮಹಿಳಾ ನೌಕರರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ವೇತನಸಹಿತ ಋತುಚಕ್ರ ರಜೆ ಕೊಡಲು ಒಪ್ಪಿಗೆ ನೀಡಿದೆ. ಸರ್ಕಾರಿ ಕಚೇರಿ, ಐಟಿ ಕಂಪನಿ, ಗಾರ್ಮೆಂಟ್ಸ್, ಖಾಸಗಿ ಕಾರ್ಖಾನೆ ಎಲ್ಲಕ್ಕೂ ಇದು ಅನ್ವಯ ಅಂತ ಸರ್ಕಾರ ಹೇಳಿದೆ. ಒಳ್ಳೆ ನಿರ್ಧಾರ. ಆದ್ರ ಆ ಸುದ್ದಿ ಬಂದ ಮ್ಯಾಲೆ ಮಚ್ಛೆ ಇಂಡಸ್ಟ್ರಿಯಲ್ ಏರಿಯಾದ ಚಹಾದಂಗಡಿ ಮುಂದ ಕಾರ್ಮಿಕರು ಕೇಳಿದ ಪ್ರಶ್ನೆ ಬ್ಯಾರೇನೇ ಇತ್ತು. ಜ್ವರ ಬಂದ್ರ ನಮಗ ಎಷ್ಟ ದಿನ ಪಗಾರದ ಸೂಟಿ ಐತಿ?

ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆ ನೋಡಿದ್ರ ಉತ್ತರ: ಒಂದು ದಿನಾನೂ ಇರಲಿಲ್ಲ.

ಬೆಳಗಾವಿ ಖಡೇಬಜಾರದ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವವರಿಗೆ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ (1961) ವರ್ಷಕ್ಕೆ 12 ದಿನದವರೆಗೆ ಕಾಯಿಲೆ ರಜೆ ಕೊಡುತ್ತದೆ. ಫೌಂಡ್ರಿಯಲ್ಲಿ ಕಾದ ಕಬ್ಬಿಣ ಸುರಿಯುವವರಿಗೆ ಕಾರ್ಖಾನೆ ಕಾಯ್ದೆ ಕೊಡುತ್ತಿದ್ದುದು ಗಳಿಕೆ ರಜೆ ಮಾತ್ರ. ಎಲ್ಲರೂ ‘ಇಎಲ್’ ಅನ್ನೋದು ಇದಕ್ಕೇ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ ಆ ಕಾಯ್ದೆ ಪ್ರಕಾರ ವರ್ಷದಲ್ಲಿ 240 ದಿನ ದುಡಿದಿದ್ದರೆ, ಪ್ರತಿ 20 ದಿನಕ್ಕೆ ಒಂದರಂತೆ ಮುಂದಿನ ವರ್ಷಕ್ಕೆ ಸಿಗುತ್ತಿತ್ತು. ವಾರದ ರಜೆ, ಹಬ್ಬದ ರಜೆ ಕಳೆದು 300 ದಿನ ಕೆಲಸ ಮಾಡಿದವರಿಗೆ 15 ದಿನ ಬರುತ್ತದೆ. ಕೆಲ ದೊಡ್ಡ ಕಂಪನಿಗಳು ಒಪ್ಪಂದದ ಪ್ರಕಾರ ಬೇರೆ ಕಾಯಿಲೆ ರಜೆ ಕೊಡ್ತಾವ. ಸಣ್ಣ ಘಟಕಗಳಲ್ಲಿ ಅದನ್ನ ಕೇಳೋದೇ ಬ್ಯಾಡ.

ಹದಿನೈದು ದಿನ ಎಲ್ಲಿ ಹೋಗ್ತಾವ?

ಮಚ್ಛೆ, ಉದ್ಯಮಬಾಗ ಕಡೆ ದುಡಿಯುವ ಬಹಳ ಮಂದಿ ಖಾನಾಪುರ ತಾಲೂಕಿನ ಮತ್ತು ಸುತ್ತಲ ಹಳ್ಳಿಗಳವರು. ಮನೆಯಲ್ಲಿ ಎಕರೆ, ಅರ್ಧ ಎಕರೆ ಭತ್ತದ ಗದ್ದೆ. ಮಳೆಗಾಲದಲ್ಲಿ ನಾಟಿಗೆ ಮೂರು ದಿನ, ಗಣಪತಿ ಹಬ್ಬಕ್ಕೆ ಎರಡು ದಿನ, ಊರ ಜಾತ್ರೆ, ಒಂದು ಮದುವೆ, ಒಂದು ಮಣ್ಣು. ದೀಪಾವಳಿ ಬರೋದ್ರಾಗ ಇಎಲ್ ಖಾತೆ ಖಾಲಿ. ಭತ್ತದ ಕೊಯ್ಲು ಇನ್ನೂ ಮುಂದೈತಿ.

ಇಂಥ ಟೈಮ್‌ನ್ಯಾಗ ಟೈಫಾಯಿಡ್ ಅಥವಾ ಕಾಮಣಿ ಬಂತು ಅಂದ್ರ ಮೂರು ವಾರ ಮಲಗಬೇಕು. ಪಗಾರ ಕಟ್, ಹಾಜರಿ ಬೋನಸ್ ಕಟ್. ಆ ಕಾಯ್ದೆಯಲ್ಲಿ ಕಾಣದೇ ಇರೋ ಇನ್ನೊಂದು ಪೆಟ್ಟೂ ಇತ್ತು. ಕಾಯಿಲೆಯಿಂದ ಗೈರಾದ, ಪಗಾರವಿಲ್ಲದ ದಿನಗಳು ಆ 240ರ ಲೆಕ್ಕಕ್ಕೆ ಸೇರ್ತಿರಲಿಲ್ಲ. 300 ದಿನ ದುಡಿಯಬೇಕಾದವರು ಕಾಯಿಲೆಯಿಂದ 70 ದಿನ ತಪ್ಪಿಸಿಕೊಂಡರೆ ಉಳಿಯೋದು 230. ಮುಂದಿನ ವರ್ಷದ ಇಎಲ್ ಆ ಕಾಯ್ದೆ ಪ್ರಕಾರ ಪೂರ್ತಿ ಹೋಗುತ್ತಿತ್ತು. ಅಂದ್ರ ಒಂದು ವರ್ಷ ಬಿದ್ದವರಿಗೆ ಮುಂದಿನ ವರ್ಷ ಬೀಳೋ ಹಕ್ಕೂ ಇರಲಿಲ್ಲ.

ಅದಕ್ಕೇ ಜನ ಜ್ವರದಾಗೂ ಪಾಳಿಗೆ ಬರ್ತಾರ. ಎರಡು ಗುಳಿಗಿ ನುಂಗಿ ಪ್ರೆಸ್ ಮಶೀನ್ ಮುಂದ ನಿಲ್ತಾರ. ಕಣ್ಣು ಒಂದು ಕ್ಷಣ ಮುಚ್ಚಿದ್ರ ಬೆರಳು ಹೋಗೋ ಜಾಗ ಅದು.

113 ರೂಪಾಯಿ ಯಾಕ ಕಟ್ ಆಗ್ತಾವ?

ಕಾರ್ಖಾನೆ ಕಾಯ್ದೆಯಲ್ಲಿ ಕಾಯಿಲೆ ರಜೆ ಇಲ್ಲದಿದ್ದರೂ 1948ರದೇ ಇನ್ನೊಂದು ಕಾಯ್ದೆಯಲ್ಲಿ ಶುರುವಾದ ದಾರಿ ಇದೆ. ಅದು ನೌಕರರ ರಾಜ್ಯ ವಿಮೆ, ಅಂದರೆ ಇಎಸ್‌ಐ. ತಿಂಗಳಿಗೆ 21,000 ರೂಪಾಯಿವರೆಗೆ ಪಗಾರ ಇರುವವರಿಗೆ ಇದು ಅನ್ವಯ. ನೌಕರರಿಂದ ಶೇ 0.75, ಮಾಲೀಕರಿಂದ ಶೇ 3.25. 15,000 ಪಗಾರ ಇದ್ರ ನಿಮ್ಮಿಂದ 113, ಮಾಲೀಕರಿಂದ 488 ರೂಪಾಯಿ ಪ್ರತಿ ತಿಂಗಳು ಹೋಗುತ್ತದೆ.

ಇದು ದವಾಖಾನಿ ಖರ್ಚಿಗೆ ಮಾತ್ರ ಅಂತ ಬಹಳ ಜನ ತಿಳ್ಕೊಂಡಾರ. ಹಂಗಲ್ಲ. ಇಎಸ್‌ಐ ವೈದ್ಯರು ವಿಶ್ರಾಂತಿ ಬೇಕು ಅಂತ ಪ್ರಮಾಣಪತ್ರ ಕೊಟ್ಟರೆ ಸರಾಸರಿ ದಿನಗೂಲಿಯ ಶೇ 70ರಷ್ಟು ಹಣ, ವರ್ಷಕ್ಕೆ 91 ದಿನದವರೆಗೆ, ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ. ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ಹಣ ಇಲ್ಲ. ಸರಾಸರಿ ಕೂಲಿ 500 ಇದ್ದರೆ ದಿನಕ್ಕೆ 350 ರೂಪಾಯಿ. ಕ್ಷಯ, ಕ್ಯಾನ್ಸರ್‌ನಂಥ ಪಟ್ಟಿ ಮಾಡಿದ ದೀರ್ಘ ಕಾಯಿಲೆಗಳಿಗೆ, ಎರಡು ವರ್ಷ ವಿಮೆಯಲ್ಲಿದ್ದು ಉಳಿದ ಷರತ್ತು ಪೂರೈಸಿದವರಿಗೆ, ಶೇ 80ರಂತೆ ಎರಡು ವರ್ಷದವರೆಗೆ ಸಿಗುತ್ತದೆ.

ನಾನೂ ಡಿಗ್ರಿ ಅರ್ಧಕ್ಕೆ ಬಿಟ್ಟು ಇಲ್ಲೇ ಒಂದು ಮಶೀನ್ ಶಾಪ್‌ನಲ್ಲಿ ಒಂದೂವರೆ ವರ್ಷ ದುಡಿದಿದ್ದೆ. ಪಗಾರ ಚೀಟಿಯಲ್ಲಿ ಇಎಸ್‌ಐ ಅಂತ ಕಟ್ ಆಗ್ತಿತ್ತು. ಏನಂತ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಟೈಫಾಯಿಡ್ ಬಂದು 12 ದಿನ ಮಲಗಿದಾಗ ಮನಿ ಹತ್ರದ ಡಾಕ್ಟರ್ ಕಡೆ ಹೋಗಿ ಅಲ್ಲೇ ಸಾಲ ಮಾಡಿ ರೊಕ್ಕ ಕೊಟ್ಟೆ. ಎರಡು ದಿನ ಬಿಟ್ಟು ಹತ್ತು ದಿನದ ಹಣ ನನಗೆ ಬರಬೇಕಿತ್ತು. ದಿನಕ್ಕೆ 280ರಂತೆ 2,800 ರೂಪಾಯಿ. ಅದು ಗೊತ್ತಾಗಿದ್ದು ಕೆಲಸ ಬಿಟ್ಟ ಮ್ಯಾಲೆ, ಈ ವರದಿ ಮಾಡೋ ಕೆಲಸಕ್ಕೆ ಬಂದಾಗ.

ಗೇಟ್ ಒಳಗ ಬಿಡಲಿಲ್ಲ ಅಂದ್ರ?

ಹಣಕ್ಕಿಂತ ದೊಡ್ಡ ಭಯ ಕೆಲಸದ್ದು. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ ಇಎಸ್‌ಐ ಕಾಯ್ದೆಯ 73ನೇ ಕಲಂ ಇಲ್ಲಿ ಮುಖ್ಯವಾಗಿತ್ತು. ಅದರ ಪ್ರಕಾರ ಕಾಯಿಲೆ ಭತ್ಯೆ ಪಡೆಯುತ್ತಿರುವ ಅವಧಿಯಲ್ಲಿ ನೌಕರನನ್ನು ವಜಾ ಮಾಡುವಂತಿರಲಿಲ್ಲ, ಶಿಕ್ಷೆ ಕೊಡುವಂತಿರಲಿಲ್ಲ. ಆ ಅವಧಿಯಲ್ಲಿ ಕೊಟ್ಟ ವಜಾ ನೋಟಿಸ್‌ಗೆ ಬೆಲೆ ಇರಲಿಲ್ಲ. ಈ ರಕ್ಷಣೆಗೂ ಕಾಲಮಿತಿ ಇತ್ತು, ಆದ್ರ ಮೂರು ವಾರದ ಕಾಮಣಿಗೆ ಧಾರಾಳ ಸಾಕಾಗ್ತಿತ್ತು.

ಮಾಲೀಕರ ಕಡೆ ಇರುವ ಅಸ್ತ್ರ ಸ್ಥಾಯಿ ಆದೇಶ. ಮಂಜೂರಾದ ರಜೆ ಮುಗಿದು ಎಂಟು ದಿನದೊಳಗೆ ವಾಪಸ್ ಬಂದು ಕಾರಣ ಹೇಳದಿದ್ದರೆ ಕೆಲಸದ ಮೇಲಿನ ಹಕ್ಕು ಹೋಗುತ್ತದೆ ಎಂದು ಮಾದರಿ ಸ್ಥಾಯಿ ಆದೇಶ ಹೇಳುತ್ತದೆ. ಆದರೆ ಹೆಸರನ್ನು ತಾನಾಗೇ ಹೊಡೆದು ಹಾಕಲು ಬರೋದಿಲ್ಲ. 1993ರಲ್ಲಿ ಡಿ.ಕೆ. ಯಾದವ್ ಮತ್ತು ಜೆಎಂಎ ಇಂಡಸ್ಟ್ರೀಸ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಎಂಟು ದಿನಕ್ಕಿಂತ ಹೆಚ್ಚು ಗೈರು ಅಂತ ವಿಚಾರಣೆ ಇಲ್ಲದೆ ಹೆಸರು ತೆಗೆದಿದ್ದು ತಪ್ಪು ಎಂದು, ಕಾರ್ಮಿಕನನ್ನು ಅರ್ಧ ಹಿಂಬಾಕಿ ವೇತನದೊಂದಿಗೆ ವಾಪಸ್ ತಗೊಳ್ಳಲು ಆದೇಶಿಸಿತು.

ಸಣ್ಣ ಘಟಕದ ಮಾಲೀಕರ ಕಷ್ಟವೂ ಸುಳ್ಳಲ್ಲ. ಒಬ್ಬ ಮೋಲ್ಡರ್ ಬರಲಿಲ್ಲ ಅಂದ್ರ ಆ ದಿನದ ಮಾಲು ನಿಲ್ಲುತ್ತದೆ, ಆರ್ಡರ್ ಕೊಟ್ಟ ಕಂಪನಿ ಕಾಯೋದಿಲ್ಲ. ಆದರೆ ಅವರೂ ತಿಂಗಳಿಗೆ ಶೇ 3.25 ಕಟ್ಟುತ್ತಿರೋದು ಇದಕ್ಕೇ. ಕಾಯಿಲೆ ದಿನದ ಹಣ ಅವರ ಜೇಬಿನಿಂದ ಹೋಗೋದಿಲ್ಲ, ವಿಮೆಯಿಂದ ಹೋಗುತ್ತದೆ. ಇದನ್ನ ಕಾರ್ಮಿಕರಿಗೆ ತಿಳಿಸಿದ್ರ ಮಾಲೀಕರಿಗೇನೂ ನಷ್ಟ ಇಲ್ಲ.

ಬಲೆಯ ತೂತು

ಮೂರು ಥರದ ಜನ ಈ ವ್ಯವಸ್ಥೆಯಿಂದ ಜಾರಿ ಬೀಳ್ತಾರ.

ಒಂದು, 78 ದಿನದ ಲೆಕ್ಕ ತಪ್ಪಿದವರು. ಅಕ್ಟೋಬರ್‌ನಲ್ಲಿ ಕಾಯಿಲೆ ಬಿದ್ದರೆ ನೋಡೋದು ಕಳೆದ ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಆರು ತಿಂಗಳು. ಅದರೊಳಗೆ ಕನಿಷ್ಠ 78 ದಿನಕ್ಕೆ ವಂತಿಗೆ ಕಟ್ಟಿರಬೇಕು. ಹೊಸದಾಗಿ ಸೇರಿದವರಿಗೆ ಮೊದಲ ಒಂಬತ್ತು ತಿಂಗಳು ಈ ಹಣ ಇಲ್ಲ.

ಎರಡು, ಗುತ್ತಿಗೆ ಕಾರ್ಮಿಕರು. ಗುತ್ತಿಗೆದಾರ ಬದಲಾದಾಗ ಹಳೆ ವಿಮಾ ನಂಬರ್ ಬಿಟ್ಟು ಹೊಸದು ಮಾಡಿಸಿದರೆ ದುಡಿದ ದಿನಗಳು ಎರಡು ಕಡೆ ಹಂಚಿಹೋಗುತ್ತವೆ. ಗುತ್ತಿಗೆದಾರ ಕಟ್ಟದಿದ್ದರೆ ಮೂಲ ಕಾರ್ಖಾನೆಯೇ ಕಟ್ಟಬೇಕು ಅಂತ ಕಾಯ್ದೆ ಇದೆ. ಕೇಳೋರು ಬೇಕಷ್ಟೇ.

ಮೂರು, ಪಗಾರ 21,000 ದಾಟಿದವರು. ಈ ಮಿತಿ 2017ರ ಜನವರಿಯಿಂದ ಹಾಗೇ ನಿಂತೈತಿ. ಅಂದಿನಿಂದ ಎಣ್ಣಿ, ಅಕ್ಕಿ, ಮನಿ ಬಾಡಿಗಿ ಎಲ್ಲಾ ಏರ್ಯಾವ. ಸಾವಿರ ರೂಪಾಯಿ ಇನ್‌ಕ್ರಿಮೆಂಟ್ ಬಂದು ಮಿತಿ ದಾಟಿದವರು, ನಡೆಯುತ್ತಿರುವ ವಂತಿಗೆ ಅವಧಿ ಮುಗಿದ ಮೇಲೆ ವಿಮೆಯಿಂದ ಹೊರಗೆ. ಅವರಿಗೆ ಕಾಯ್ದೆ ಕೊಡೋದು ಆ ಇಎಲ್ ಮಾತ್ರ.

ದೂರದ್ದೂ ಒಂದು ಸಮಸ್ಯೆ. ಮಚ್ಛೆಯಿಂದ ಅಶೋಕ ನಗರದ ಇಎಸ್‌ಐ ದವಾಖಾನಿಗೆ ಹೋಗಬೇಕಂದ್ರ ಪೀರನವಾಡಿ, ಉದ್ಯಮಬಾಗ, ಮೂರನೇ ರೈಲ್ವೆ ಗೇಟ್ ದಾಟಿ ಊರಿನ ಆ ಕಡಿ ಮುಟ್ಟಬೇಕು. ಖಾನಾಪುರ ಕಡೆ ಹಳ್ಳಿಯವರಿಗೆ ಇನ್ನೂ ದೂರ. 103 ಡಿಗ್ರಿ ಜ್ವರ ಇದ್ದವರು ಎರಡು ಬಸ್ ಬದಲಿಸಿ ಚೀಟಿ ತರಬೇಕು. ಚೀಟಿ ಇಲ್ಲದ ಕಾಯಿಲೆ ಹಾಜರಿ ಪುಸ್ತಕದಲ್ಲಿ ಬರೀ ಗೈರು.

ಏನ್ ಮಾಡಬೇಕು?

ಮೊದಲ ದಿನವೇ ನಿಮಗೆ ನಿಗದಿಯಾದ ಇಎಸ್‌ಐ ಡಿಸ್ಪೆನ್ಸರಿಗೆ ಅಥವಾ ಆಸ್ಪತ್ರೆಗೆ ಹೋಗಿ. ಹಿಂದಿನ ದಿನಾಂಕ ಹಾಕಿಸೋದು ಕಷ್ಟ. ಪ್ರಮಾಣಪತ್ರದ ಫೋಟೊ ತೆಗೆದು ಸೂಪರ್‌ವೈಸರ್‌ಗೆ ವಾಟ್ಸಾಪ್ ಮಾಡಿ, ಆ ಮೆಸೇಜ್ ಅಳಿಸಬೇಡಿ. ವಿಮಾ ನಂಬರ್ ಜೀವನಕ್ಕೆ ಒಂದೇ, ಹೊಸ ಗುತ್ತಿಗೆದಾರರಿಗೆ ಹಳೆ ನಂಬರನ್ನೇ ಕೊಡಿ. ಗೇಟ್‌ನಲ್ಲಿ ತಡೆದರೆ ಅದೇ ದಿನ ಬರಹದಲ್ಲಿ ಕೊಡಿ, ಕಾರ್ಮಿಕ ಇಲಾಖೆಗೂ ಒಂದು ಪ್ರತಿ ಹೋಗಲಿ.

ಸರ್ಕಾರ ಮಾಡಬೇಕಾದ್ದೂ ಐತಿ. ಹೆಣ್ಣುಮಕ್ಕಳಿಗೆ 12 ದಿನ ರಜೆ ಕೊಡಬಹುದು ಅಂತ ಒಪ್ಪಿದ ಸಂಪುಟಕ್ಕೆ, ಅಂಗಡಿಯವರಿಗೆ 1961ರ ಕಾಯ್ದೆಯಲ್ಲೇ ಕೊಟ್ಟ 12 ದಿನದ ಕಾಯಿಲೆ ರಜೆಯನ್ನ ಕಾರ್ಖಾನೆಯವರಿಗೂ ಕೊಡೋದು ಅಸಾಧ್ಯ ಆಗಬಾರದು. ಅಲ್ಲಿವರೆಗೆ ಮಚ್ಛೆ ಇಂಡಸ್ಟ್ರಿಯಲ್ ಏರಿಯಾದಲ್ಲಿ ವಾರಕ್ಕೆ ಎರಡು ದಿನ ಇಎಸ್‌ಐ ವೈದ್ಯರೊಬ್ಬರು ಕೂತ್ರೂ ಎಷ್ಟೋ ಮಂದಿಯ ಪಗಾರ ಉಳಿಯುತ್ತದೆ.

ಈ ತಿಂಗಳ ಪಗಾರ ಚೀಟಿ ಕೈಗೆ ಬಂದಾಗ ಇಎಸ್‌ಐ ಸಾಲು ಒಮ್ಮೆ ನೋಡ್ರಿ. ಅಲ್ಲಿ ಕಟ್ ಆಗಿದ್ರ ಆ ಸೂಟಿ ನಿಮ್ಮದು. ಕಟ್ ಆಗಿಲ್ಲ ಅಂದ್ರ ಯಾಕಂತ ಆರಾಮ ಇದ್ದಾಗಲೇ ಕೇಳ್ರಿ.