ಸಾಹಸವೂ ವಿವೇಕವೂ

'ಸಾಹಸ' ಎಂಬ ಪದದ ಚರಿತ್ರೆ ವಿಚಿತ್ರವಾದುದು. ಸಂಸ್ಕೃತದಲ್ಲಿ 'ಸಹಸ್' ಎಂದರೆ ಬಲ. ಬಲಾತ್ಕಾರದಿಂದ, ಹಿಂದುಮುಂದಿನ ಯೋಚನೆಯಿಲ್ಲದೆ ನಡೆದುದು ಸಾಹಸ. ಆದುದರಿಂದಲೇ ಧರ್ಮಶಾಸ್ತ್ರಕಾರರು ಹದಿನೆಂಟು ವ್ಯವಹಾರಪದಗಳನ್ನು ಎಣಿಸುವಾಗ ಸಾಹಸವನ್ನು ಅಪರಾಧಗಳ ಸಾಲಿನಲ್ಲಿ ನಿಲ್ಲಿಸಿದರು. ವಿಧಿಸತಕ್ಕ ದಂಡಗಳನ್ನೂ ಪ್ರಥಮಸಾಹಸ, ಮಧ್ಯಮಸಾಹಸ, ಉತ್ತಮಸಾಹಸಗಳೆಂದು ಕರೆದರು. ಅದೇ ಪದವು ಕನ್ನಡ ನೆಲದಲ್ಲಿ ರನ್ನನ ಕೈಗೆ ಬಂದಾಗ 'ಸಾಹಸಭೀಮವಿಜಯ'ವೆಂಬ ಮಹಾಕಾವ್ಯಕ್ಕೆ ಹೆಸರಾಗಿ, ವೀರನ ಬಿರುದಾಗಿ ಮೆರೆಯಿತು. ಒಂದೇ ಪದ, ಒಂದೆಡೆ ದಂಡನಾರ್ಹ, ಇನ್ನೊಂದೆಡೆ ವಂದನಾರ್ಹ. ಈ ಎರಡು ಅರ್ಥಗಳ ನಡುವಣ ಗೆರೆ ಯಾವುದು? ಇದು ಕೇವಲ ನಿಘಂಟಿನ ಪ್ರಶ್ನೆಯಲ್ಲ. ಹರೆಯದ ಮಕ್ಕಳಿರುವ ಪ್ರತಿಯೊಂದು ಮನೆಯ, ಪ್ರತಿಯೊಂದು ಶಾಲೆಯ ಪ್ರಶ್ನೆ.

ಹಿಂದೆ ಪ್ರವಾಸವೆಂದರೆ ಯಾತ್ರೆ. ಕ್ಷೇತ್ರದರ್ಶನ, ಜಾತ್ರೆ, ತೇರು, ಪ್ರಸಾದ. ಇಂದಿನ ಪ್ರವಾಸದ ಸ್ವರೂಪವೇ ಬೇರೆ. ನೋಡುವುದರಿಂದ ತೃಪ್ತಿಯಿಲ್ಲ, ಹಾರಬೇಕು, ಧುಮುಕಬೇಕು, ಏರಬೇಕು. ಮರದಿಂದ ಮರಕ್ಕೆ ಕಟ್ಟಿದ ಉಕ್ಕಿನ ಹಗ್ಗದ ಮೇಲೆ ಜಾರುವ 'ಜಿಪ್‌ಲೈನ್' ಎಂಬ ಕ್ರೀಡೆಯೂ ಧುಮ್ಮಿಕ್ಕುವ ನೀರಿಗೆ ಎದುರಾಗಿ ಜಲಪಾತವನ್ನು ಏರುವ ವಿನೋದವೂ ಉಷ್ಣವಲಯದ ನಾಡುಗಳಲ್ಲಿ ಪ್ರವಾಸಿಗಳ ಮುಖ್ಯ ಆಕರ್ಷಣೆಗಳಾಗಿವೆ. ನಮ್ಮ ದಾಂಡೇಲಿ, ಕೊಡಗುಗಳಲ್ಲಿಯೂ ಇಂಥ ಹಗ್ಗಗಳು ಬಂದಿವೆ. ಆದಕಾರಣ ಇದನ್ನು ಪರದೇಶದ ಹುಚ್ಚಾಟವೆಂದು ಮೂಗು ಮುರಿದು ಸುಮ್ಮನಾಗುವಂತಿಲ್ಲ, ವಿಚಾರಿಸಿ ನೋಡಬೇಕು.

ಜಲಪಾತಾರೋಹಣಕ್ಕೆ ಜಗತ್ಪ್ರಸಿದ್ಧವಾದ ಸ್ಥಳ ಜಮೈಕಾ ದ್ವೀಪದ ಉತ್ತರ ತೀರದಲ್ಲಿ, ಓಚೊ ರಿಯೊಸ್ ಪಟ್ಟಣದ ಸಮೀಪದಲ್ಲಿದೆ. ಡನ್ಸ್ ರಿವರ್ ಎಂಬ ಹೊಳೆ ಅಲ್ಲಿ ಸುಮಾರು 180 ಮೀಟರು ಉದ್ದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು ನೇರವಾಗಿ ಕೆರಿಬಿಯನ್ ಸಮುದ್ರವನ್ನು ಸೇರುತ್ತದೆ. ಆ ಮೆಟ್ಟಿಲುಗಳನ್ನು ಯಾವ ಶಿಲ್ಪಿಯೂ ಕಡೆದುದಲ್ಲ. ಒರತೆಯಿಂದ ಹುಟ್ಟಿದ ಆ ನೀರಿನಲ್ಲಿ ಸುಣ್ಣದ ಅಂಶ ಕರಗಿರುತ್ತದೆ. ನೀರು ಹರಿದಂತೆಲ್ಲ ಆ ಸುಣ್ಣ ಪದರ ಪದರವಾಗಿ ಕೂಡಿ ಕಲ್ಲಾಗುತ್ತದೆ. ಸಾಮಾನ್ಯವಾಗಿ ನೀರು ಕಲ್ಲನ್ನು ಸವೆಸುತ್ತದೆ. ಇಲ್ಲಿ ನೀರೇ ಕಲ್ಲನ್ನು ಕಟ್ಟುತ್ತದೆ. ಪ್ರವಾಸಿಗಳು ಕೆಳಗೆ ಕಡಲ ದಂಡೆಯಿಂದ ಹೊರಟು, ಮುಂದೆ ಒಬ್ಬ ಮಾರ್ಗದರ್ಶಿಯನ್ನು ಇಟ್ಟುಕೊಂಡು, ಒಬ್ಬರ ಕೈಯನ್ನೊಬ್ಬರು ಹಿಡಿದು ಸರಪಳಿಯಂತೆ ಮೇಲೇರುತ್ತಾರೆ. ಯಾವ ದೇಶದವರೋ, ಯಾವ ಭಾಷೆಯವರೋ, ಯಾವ ಜಾತಿಯವರೋ. ಕೈಗೆ ಕೈ ಕೂಡಿದ ಮೇಲೆ ಆ ವಿಚಾರಣೆಗೆ ಅಲ್ಲಿ ಅವಕಾಶವಿಲ್ಲ. ಒಬ್ಬನ ಕಾಲು ಜಾರಿದರೆ ಅವನನ್ನು ಹಿಡಿದು ನಿಲ್ಲಿಸುವುದು ಅಕ್ಕಪಕ್ಕದ ಅಪರಿಚಿತರ ಕೈಗಳೇ.

ಜಿಪ್‌ಲೈನ್‌ನ ತಂತ್ರವೂ ಸರಳವಾದುದೇ. ಎತ್ತರದ ಒಂದು ಕಟ್ಟೆಯಿಂದ ತಗ್ಗಿನ ಇನ್ನೊಂದು ಕಟ್ಟೆಗೆ ಉಕ್ಕಿನ ಹಗ್ಗವನ್ನು ಬಿಗಿದಿರುತ್ತಾರೆ. ಸೊಂಟಕ್ಕೂ ತೊಡೆಗಳಿಗೂ ಭದ್ರವಾದ ಪಟ್ಟಿಗಳನ್ನು ಕಟ್ಟಿ, ತಲೆಗೆ ಹೆಲ್ಮೆಟ್ ತೊಡಿಸಿ, ಹಗ್ಗದ ಮೇಲೆ ಉರುಳುವ ರಾಟೆಗೆ ಆ ಪಟ್ಟಿಯನ್ನು ಕೊಂಡಿಗಳಿಂದ ಸೇರಿಸುತ್ತಾರೆ. ಆಮೇಲಿನ ಕೆಲಸ ಭೂಮಿಯ ಆಕರ್ಷಣೆಯದು. ಭಾರವುಳ್ಳವನು ವೇಗವಾಗಿ ಸಾಗುತ್ತಾನೆ. ಹಗುರವಾದ ಮಗುವು ಕೆಲವೊಮ್ಮೆ ನಡುದಾರಿಯಲ್ಲಿಯೇ ನಿಂತುಬಿಡುತ್ತದೆ, ಆಗ ಮಾರ್ಗದರ್ಶಿಯು ಹಗ್ಗದ ಮೇಲೆ ಕೈಕೈಯಾಗಿ ಸರಿದುಬಂದು ಅದನ್ನು ಎಳೆದೊಯ್ಯಬೇಕಾಗುತ್ತದೆ. ಕಾಲ ಕೆಳಗೆ ಕಾಡು, ಕಿವಿಯಲ್ಲಿ ಗಾಳಿ, ಎದೆಯಲ್ಲಿ ಡವಡವ. ಕೆಲವೇ ಕ್ಷಣಗಳಲ್ಲಿ ಆಚೆಯ ಕಟ್ಟೆ.

ಈ ಕ್ರೀಡೆ ಹುಟ್ಟಿದ್ದು ವಿನೋದಕ್ಕಾಗಿ ಅಲ್ಲವೆಂಬುದು ಗಮನಾರ್ಹ. ಮಧ್ಯ ಅಮೆರಿಕದ ಕೋಸ್ಟರಿಕ ದೇಶದ ಮಳೆಕಾಡುಗಳಲ್ಲಿ 1970ರ ದಶಕದಲ್ಲಿ ಡೊನಾಲ್ಡ್ ಪೆರಿ ಎಂಬ ಜೀವವಿಜ್ಞಾನಿಯು ಹಗ್ಗಗಳ ನೆರವಿನಿಂದ ಮರಗಳ ನೆತ್ತಿಗೇರಿ, ನೆಲದಿಂದ ಯಾರಿಗೂ ಕಾಣದಿದ್ದ ಅಲ್ಲಿನ ಜೀವಲೋಕವನ್ನು ಅಭ್ಯಸಿಸಿದನು. ಜ್ಞಾನಕ್ಕಾಗಿ ಕಟ್ಟಿದ ಹಗ್ಗವು 1990ರ ದಶಕದಲ್ಲಿ ಪ್ರವಾಸಿಗಳ ಹಗ್ಗವಾಯಿತು. 1948ರಲ್ಲಿ ಸೈನ್ಯವನ್ನೇ ವಿಸರ್ಜಿಸಿದ ಆ ಪುಟ್ಟ ದೇಶವು, ದನಗಾವಲಿಗಾಗಿ ಕಡಿದು ಬರಿದಾಗಿಸಿದ್ದ ತನ್ನ ಕಾಡನ್ನು ಮರಳಿ ಬೆಳೆಸಿತು. 1996ರ ಅರಣ್ಯ ಕಾಯಿದೆಯ ಮೂಲಕ, ಮರಗಳನ್ನು ಉಳಿಸಿಕೊಂಡ ಭೂಮಾಲಿಕರಿಗೆ ಹಣ ಕೊಡುವ ಏರ್ಪಾಟನ್ನೂ ಮಾಡಿತು. ಕಡಿದ ಮರ ಒಮ್ಮೆ ಮಾತ್ರ ಹಣ ತರುತ್ತದೆ. ನಿಂತ ಮರ ವರ್ಷವರ್ಷವೂ ಅತಿಥಿಗಳನ್ನು ತರುತ್ತದೆ. ಈ ಲೆಕ್ಕವನ್ನು ಅಲ್ಲಿನ ಜನ ಅರಿತರು. ವಿನೋದವು ವನರಕ್ಷಣೆಗೆ ನೆರವಾಗಬಲ್ಲದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ವಿರಳ.

ಆದರೆ ಅದೇ ಹಗ್ಗಕ್ಕೆ ಇನ್ನೊಂದು ಮುಖವೂ ಉಂಟು. ಚೀನಾದ ಯುನ್ನಾನ್ ಪ್ರಾಂತದಲ್ಲಿ ನುಜಿಯಾಂಗ್ ನದಿಯ ಕಡಿದಾದ ಕಣಿವೆಯಿದೆ. ಅಲ್ಲಿ ವಾಸಿಸುವ ಲಿಸು ಜನರು ತಲೆತಲಾಂತರದಿಂದ ಹಗ್ಗಕ್ಕೆ ಜೋತುಬಿದ್ದೇ ಹೊಳೆ ದಾಟುತ್ತಿದ್ದರು. ಸಂತೆಗೆ ಹೋಗುವ ರೈತ, ಬೆನ್ನಿಗೆ ಕೂಸನ್ನು ಕಟ್ಟಿಕೊಂಡ ತಾಯಿ, ಪುಸ್ತಕದ ಚೀಲ ಹೊತ್ತ ಶಾಲೆಯ ಮಕ್ಕಳು, ಎಲ್ಲರಿಗೂ ಅದೇ ದಾರಿ. 2010ರ ದಶಕದಲ್ಲಿ ಅಲ್ಲಿನ ಸರ್ಕಾರ ಹಗ್ಗಗಳ ಬದಲಿಗೆ ಸೇತುವೆಗಳನ್ನು ಕಟ್ಟಿಸಿತು. ಕೊಲಂಬಿಯಾ ದೇಶದಲ್ಲಿ ಬೊಗೊಟಾ ನಗರದ ಆಗ್ನೇಯಕ್ಕಿರುವ ರಿಯೊ ನೆಗ್ರೊ ಕಮರಿಯಲ್ಲಿಯೂ ಮಕ್ಕಳು ಇಂಥ ತಂತಿಯ ಮೇಲೆ ಶಾಲೆಗೆ ಹೋಗುತ್ತಿದ್ದರು. ಉಳ್ಳವನು ಹಣ ತೆತ್ತು ಪಡೆಯುವ ಭಯವನ್ನು ಇಲ್ಲದವನು ಹಣವಿಲ್ಲದ ಕಾರಣದಿಂದಲೇ ದಿನನಿತ್ಯ ಅನುಭವಿಸಬೇಕಾಯಿತು. ಒಬ್ಬರ ಆಟ ಇನ್ನೊಬ್ಬರ ಪಾಡು. ಅಕ್ಷರಕ್ಕಾಗಿ ಪ್ರಾಣವನ್ನು ಹಗ್ಗಕ್ಕೆ ಒಪ್ಪಿಸಿದ ಆ ಮಕ್ಕಳ ಸಾಹಸದ ಮುಂದೆ ಪ್ರವಾಸಿಯ ಸಾಹಸ ಎಷ್ಟರದು? ಹಗ್ಗದಿಂದಿಳಿದು ಎದೆಯುಬ್ಬಿಸಿ ನಿಲ್ಲುವ ಪ್ರತಿಯೊಬ್ಬನೂ ಈ ಪ್ರಶ್ನೆಯನ್ನು ಒಮ್ಮೆ ಕೇಳಿಕೊಳ್ಳುವುದು ಒಳಿತು.

ಹಾಗಾದರೆ ಇದೆಲ್ಲವೂ ವ್ಯರ್ಥವೆ? ಹಿರಿಯರಲ್ಲಿ ಹಲವರು ಹಾಗೆಯೇ ಹೇಳುತ್ತಾರೆ. "ಕೈಕಾಲು ನೆಟ್ಟಗಿರುವಾಗ ಈ ಉಸಾಬರಿ ಏಕೆ?" ಎಂಬುದು ಅವರ ಮಾತು. ಈ ಮಾತಿನಲ್ಲಿ ಮಮತೆಯಿದೆ. ಆದರೆ ಪೂರ್ಣ ವಿವೇಕವಿಲ್ಲ. ಭಯವನ್ನೇ ಕಾಣದೆ ಬೆಳೆದ ಮಗು ಧೀರನಾಗುವುದಿಲ್ಲ, ಭಯವನ್ನು ಅಳೆಯಲಾರದವನಾಗುತ್ತಾನೆ. ನೀರಿಗಿಳಿಯದವನಿಗೆ ನೀರಿನ ಆಳವೂ ತಿಳಿಯದು, ಸೆಳೆತವೂ ತಿಳಿಯದು. ಕಟ್ಟೆಯ ಅಂಚಿನಲ್ಲಿ ನಿಂತು ಕಾಲು ನಡುಗಿದಾಗ, ನಡುಗುವ ಕಾಲನ್ನೇ ಮುಂದಿಡುವ ಒಂದು ಕ್ಷಣದಲ್ಲಿ ಬಾಲಕನು ತನ್ನ ಮನಸ್ಸಿನ ವಿಷಯವಾಗಿ ಕಲಿಯುವುದನ್ನು ಯಾವ ಪಠ್ಯಪುಸ್ತಕವೂ ಕಲಿಸಲಾರದು.

ಅದಕ್ಕಿಂತ ಮಿಗಿಲಾದ ಇನ್ನೊಂದು ಪಾಠವೂ ಇಲ್ಲಿದೆ. ಅದು ಮಾರ್ಗದರ್ಶಿಯನ್ನು ನಂಬುವ ಪಾಠ. ಊರಿನಲ್ಲಿ ಯಾರ ಮಾತನ್ನೂ ಕೇಳದ ಹಮ್ಮಿನ ಮನುಷ್ಯನೂ ಆ ಕಟ್ಟೆಯ ಮೇಲೆ, ಇಪ್ಪತ್ತು ವರ್ಷದ ಬಡ ಯುವಕನೊಬ್ಬನು "ಕೈ ಇಲ್ಲಿಡಿ, ಕಾಲು ಮಡಿಸಿ" ಎಂದಾಗ ಶಿಶುವಿನಂತೆ ವಿಧೇಯನಾಗುತ್ತಾನೆ. ದಾರಿ ಬಲ್ಲವನು ಮುಂದೆ, ದಾರಿ ಕಲಿಯುವವನು ಹಿಂದೆ ಎಂಬ ಕ್ರಮ ನಮ್ಮ ಪರಂಪರೆಗೆ ಹೊಸತಲ್ಲ. ಷಟ್‌ಸ್ಥಲದ ಮಾರ್ಗವನ್ನು ಶರಣರು ಹೇಳಿದಾಗಲೂ ಗುರುವನ್ನು ಮುಂದಿಟ್ಟೇ ಹೇಳಿದರು. ಭಕ್ತಸ್ಥಲದ ಮೆಟ್ಟಿಲನ್ನು ಹಾರಿ ಐಕ್ಯಸ್ಥಲಕ್ಕೆ ನೆಗೆಯುವ ಉಪಾಯವನ್ನು ಅವರು ಯಾರಿಗೂ ಬೋಧಿಸಲಿಲ್ಲ. ಇಹದ ಏರಿಕೆಗೂ ಪರದ ಏರಿಕೆಗೂ ಈ ಒಂದು ನಿಯಮ ಸಮಾನ.

ಆ ಯುವಕನ ಕೆಲಸವೂ ಕಾಯಕವೇ ಎಂಬುದನ್ನು ಮರೆಯಬಾರದು. ಪ್ರವಾಸಿಗೆ ಜೀವಮಾನದಲ್ಲಿ ಒಮ್ಮೆ ಒದಗುವ ಸಂಭ್ರಮ ಅವನಿಗೆ ನಿತ್ಯದ ದುಡಿಮೆ. ಪ್ರತಿಯೊಂದು ಕೊಂಡಿಯನ್ನೂ ಪ್ರತಿಯೊಂದು ಪಟ್ಟಿಯನ್ನೂ ಅವನು ದಿನಕ್ಕೆ ಎಷ್ಟೋ ಸಲ ಮುಟ್ಟಿ ನೋಡುತ್ತಾನೆ. ಒಮ್ಮೆ ಬೇಸರಪಟ್ಟು ಬಿಟ್ಟರೆ ಅನಾಹುತ. ಬೇಸರವಿಲ್ಲದೆ ಒಂದೇ ಕೆಲಸವನ್ನು ನೂರನೆಯ ಸಲವೂ ಮೊದಲನೆಯ ಸಲದ ಶ್ರದ್ಧೆಯಿಂದ ಮಾಡುವುದೇ ಕಾಯಕದ ಹುರುಳು. ಇಂಥವನನ್ನು ಏಕವಚನದಲ್ಲಿ ಗದರಿ ಕರೆಯುವವನು ಎಷ್ಟು ಎತ್ತರ ಏರಿದರೂ ಕೆಳಗೇ ಉಳಿದವನು.

ಇಷ್ಟು ಗುಣಗಳಿದ್ದರೂ ಇದರಲ್ಲಿ ಒಂದು ಘೋರ ಅಪಾಯ ಅಡಗಿದೆ. ಅದು ಹಗ್ಗ ಹರಿಯುವ ಅಪಾಯವಲ್ಲ, ಅಹಂಕಾರ ಬೆಳೆಯುವ ಅಪಾಯ. ಬೇರೊಬ್ಬರು ಬಿಗಿದ ಹಗ್ಗ, ಬೇರೊಬ್ಬರು ಹಿಡಿದ ಕೈ, ಬೇರೊಬ್ಬರು ಅರಿತ ದಾರಿ ಇವುಗಳಿಂದ ಮೇಲೇರಿದವನು ತಾನೇ ಏರಿದೆನೆಂದು ಭಾವಿಸುತ್ತಾನೆ. ಒರತೆಯ ನೀರಿನ ಹೊಳೆಗೂ ಮಳೆಗಾಲದ ಸಹ್ಯಾದ್ರಿಯ ಹೊಳೆಗೂ ಇರುವ ಭೇದವನ್ನು ಅವನು ವಿಚಾರಿಸುವುದಿಲ್ಲ. ನಮ್ಮ ಘಟ್ಟದ ಅಬ್ಬಿಗಳಲ್ಲಿ ಆಷಾಢ ಶ್ರಾವಣಗಳಲ್ಲಿ ಬಂಡೆಯ ಮೇಲೆ ಪಾಚಿ ಎಣ್ಣೆಯಂತೆ ಹರಡಿರುತ್ತದೆ. ಮೇಲೆಲ್ಲೋ ಸುರಿದ ಮಳೆ ಕ್ಷಣಮಾತ್ರದಲ್ಲಿ ಕೆಳಗೆ ಪ್ರವಾಹವಾಗಿ ಬರುತ್ತದೆ. 2023ರ ಜುಲೈ ತಿಂಗಳಿನಲ್ಲಿ ಕೊಲ್ಲೂರು ಸಮೀಪದ ಅರಶಿನಗುಂಡಿ ಜಲಪಾತದಲ್ಲಿ ಬಂಡೆಯ ಅಂಚಿನಲ್ಲಿ ನಿಂತಿದ್ದ ಯುವಕನೊಬ್ಬನು ಕಾಲುಜಾರಿ ನೀರುಪಾಲಾದನು. ಆ ದೃಶ್ಯವು ಸಂಗಡಿಗನ ಮೊಬೈಲಿನಲ್ಲಿ ಸೆರೆಯಾಗಿತ್ತು. 2024ರ ಮೇ ತಿಂಗಳಿನಲ್ಲಿ ತಮಿಳುನಾಡಿನ ಕುಟ್ರಾಲಂ ಜಲಪಾತದಲ್ಲಿ ಹಠಾತ್ತನೆ ಏರಿದ ನೀರು ಹದಿನೇಳು ವರ್ಷದ ಬಾಲಕನನ್ನು ಸೆಳೆದೊಯ್ದಿತು. ಮೃತರನ್ನು ಹಳಿಯುವುದು ಸಲ್ಲದು. ಆ ತಾಯಂದಿರ ದುಃಖಕ್ಕೆ ಮಾತಿನ ಸಮಾಧಾನವಿಲ್ಲ. ಆದರೆ ಬದುಕಿರುವವರು ಕಲಿಯದಿದ್ದರೆ ಆ ದುಃಖಕ್ಕೆ ಗೌರವ ತೋರಿದಂತಾಗುವುದಿಲ್ಲ. 'ಪ್ರಪಾತ' ಎಂಬ ಸಂಸ್ಕೃತ ಪದಕ್ಕೆ ಜಲಪಾತವೆಂಬ ಅರ್ಥವೂ ಉಂಟು, ಕಡಿದಾದ ಕಮರಿಯೆಂಬ ಅರ್ಥವೂ ಉಂಟು. ಚೆಲುವನ್ನೂ ಕೇಡನ್ನೂ ಒಂದೇ ಪದದಲ್ಲಿಟ್ಟ ಪ್ರಾಚೀನರ ಎಚ್ಚರ ದೊಡ್ಡದು.

ಹೀಗಿರುವಲ್ಲಿ ಶಾಲೆಗಳ ಕರ್ತವ್ಯವೇನು? ನಿಷೇಧವೊಂದೇ ಉತ್ತರವಲ್ಲ. ಗೇಟಿನಲ್ಲಿ ತಡೆದ ಹುಡುಗ ಬೇಲಿ ದಾಟಿ ಹೋಗುತ್ತಾನೆ. ಮೊದಲನೆಯದಾಗಿ, ಮಕ್ಕಳೆಲ್ಲರಿಗೂ, ಹೆಣ್ಣುಮಕ್ಕಳಿಗೂ ತಪ್ಪದೆ, ಈಜು ಕಲಿಸಬೇಕು. ಕೆರೆ, ಬಾವಿ, ಕಾಲುವೆ, ಕೃಷಿಹೊಂಡಗಳ ನಾಡಿನಲ್ಲಿ ಈಜು ಬಾರದಿರುವುದು ಅಕ್ಷರ ಬಾರದಿರುವಷ್ಟೇ ದೊಡ್ಡ ಕೊರತೆ. ಎರಡನೆಯದಾಗಿ, ಮಳೆಗಾಲ ಕಳೆದ ಮೇಲೆ, ತರಬೇತಿ ಪಡೆದ ಮಾರ್ಗದರ್ಶಿಗಳ ಜೊತೆಯಲ್ಲಿ ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಬೆಟ್ಟಕ್ಕೆ ಕರೆದೊಯ್ಯಬೇಕು. ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಂಥ ಸಂಸ್ಥೆ ನಮ್ಮ ರಾಜ್ಯದಲ್ಲಿಯೇ ಇದೆ. ಮೂರನೆಯದಾಗಿ, ಅಲ್ಲಿ ಮಾರ್ಗದರ್ಶಿಯ ಮಾತೇ ಕಡೆಯ ಮಾತೆಂದು ಕಲಿಸಬೇಕು. "ಇಂದು ಬೇಡ, ನೀರು ಹೆಚ್ಚಿದೆ" ಎಂದು ಅವನು ಹೇಳಿದರೆ ಮುಖ ಸಣ್ಣದು ಮಾಡದೆ ಹಿಂತಿರುಗುವುದೂ ಸಾಹಸವೇ ಎಂಬುದನ್ನು ಮನಗಾಣಿಸಬೇಕು. ಕೊನೆಯದಾಗಿ, ಚಿತ್ರ ತೆಗೆಯುವ ಚಪಲಕ್ಕೆ ಅಂಚಿನ ಮೇಲೆ ಎಡೆಗೊಡಬಾರದು. ಎರಡು ಕೈಗಳೂ ಪ್ರಾಣವನ್ನು ಹಿಡಿಯಬೇಕಾದ ಜಾಗದಲ್ಲಿ ಒಂದು ಕೈ ಮೊಬೈಲನ್ನು ಹಿಡಿದರೆ ಫಲವೇನೆಂಬುದು ಕಂಡುದೇ ಆಗಿದೆ.

ಇದಕ್ಕೆ ಹಣವೆಲ್ಲಿ, ಪುರುಸೊತ್ತೆಲ್ಲಿ, ಪರೀಕ್ಷೆಯ ಗತಿಯೇನು ಎಂಬ ಆಕ್ಷೇಪ ಬರುವುದು ಸಹಜ. ಅನ್ನ, ಅಕ್ಷರ, ಆಶ್ರಯಗಳ ದಾಸೋಹವನ್ನು ನಡೆಸಿಕೊಂಡು ಬಂದ ಮಠಗಳಿಗೆ ಇದು ಅಸಾಧ್ಯವಾದುದಲ್ಲ. ಹಸಿದ ಮಗುವಿಗೆ ಅನ್ನವಿಕ್ಕಿದ ಕೈಯೇ ಅಂಜಿದ ಮಗುವಿಗೆ ಧೈರ್ಯವನ್ನೂ ಮುನ್ನುಗ್ಗುವ ಮಗುವಿಗೆ ವಿವೇಕವನ್ನೂ ನೀಡಬಲ್ಲದು. ಈ ಎರಡರಲ್ಲಿ ಒಂದು ಇದ್ದು ಇನ್ನೊಂದು ಇಲ್ಲದಿದ್ದರೆ ವಿದ್ಯೆ ಅರ್ಧವೇ.

ಸಾಹಸವೆಂಬ ಪದದ ಎರಡು ಅರ್ಥಗಳ ನಡುವಣ ಗೆರೆ ಈಗ ಸ್ಪಷ್ಟವಾಗುತ್ತದೆ. ವಿವೇಕ ಕೂಡಿದ ಸಾಹಸ ರನ್ನನ ಸಾಹಸ; ವಿವೇಕವಿಲ್ಲದ್ದು ಧರ್ಮಶಾಸ್ತ್ರದ ಸಾಹಸ. ಮೊದಲನೆಯದಕ್ಕೆ ಕಾವ್ಯ ಹುಟ್ಟುತ್ತದೆ; ಎರಡನೆಯದಕ್ಕೆ ದಂಡ ಕಾದಿರುತ್ತದೆ, ಆ ದಂಡವನ್ನು ತೆರುವವರು ಬಹುಮಟ್ಟಿಗೆ ಮನೆಯಲ್ಲಿ ಕಾದು ಕುಳಿತ ತಂದೆತಾಯಿಗಳು. ಜಲಪಾತ ಏರುವವನು ಮುಂದಿನವನ ಕೈಯನ್ನು ಬಿಡದಿರಲಿ, ಹಿಂದಿನವನ ಕೈಯನ್ನೂ ಬಿಡದಿರಲಿ. ಆ ಸರಪಳಿಯ ಒಂದು ತುದಿ ಗುರುವಿನ ಕೈಯಲ್ಲಿದ್ದರೆ, ಕಣ್ಣಿಗೆ ಕಾಣದ ಇನ್ನೊಂದು ತುದಿ ಮನೆಯ ಹೊಸ್ತಿಲಲ್ಲಿ ನಿಂತ ತಾಯಿಯ ಕೈಯಲ್ಲಿರುತ್ತದೆ.