ಕಾಲೇಜಿಗೆ ಬೈಕೋ, ಬಸ್ಸೋ?

ಕಳೆದ ಭಾನುವಾರ ಸಂಜೆ ನಮ್ಮ ಓಣಿಯ ಅಕ್ಕಿಗಿರಣಿ ಕೆಲಸಗಾರರೊಬ್ಬರು ಕೈಯಲ್ಲಿ ಕಾಗದದ ಕಟ್ಟು ಹಿಡಿದು ಮನೆಗೆ ಬಂದರು. ಅವರ ಮಗನಿಗೆ ಎಂ.ಕಾಂ. ಸೀಟು ಸಿಕ್ಕಿದೆ. ಕಾಲೇಜು ಊರಾಚೆ ಎಂಟು ಕಿಲೋಮೀಟರ್ ದೂರ. ಹುಡುಗನಿಗೆ ಬೈಕ್ ಬೇಕು. ಸಾಲ ಕೊಡುವವರು ಜಾಮೀನು ಕೇಳಿದ್ದಾರೆ.

“ಎರಡು ದಿನದಿಂದ ಹುಡುಗ ಸರಿಯಾಗಿ ಉಂಡಿಲ್ಲ ಅಣ್ಣಾ. ನೀವೊಂದು ಸಹಿ ಹಾಕ್ರಿ. ಕಂತು ತಪ್ಪಿಸೋ ಮನುಷ್ಯ ನಾನಲ್ಲ, ನಿಮಗೆ ಗೊತ್ತೈತಿ” ಎಂದರು.

ನನಗೆ ಗೊತ್ತು. ಕಂತು ತಪ್ಪಿಸುವ ಮನುಷ್ಯ ಅವರಲ್ಲ. ಬೇಕಾದರೆ ಊಟ ತಪ್ಪಿಸಿಯಾರು, ಮಗಳ ಫೀಜು ತಪ್ಪಿಸಿಯಾರು, ಕಂತು ತಪ್ಪಿಸಲಾರರು. ಅದಕ್ಕೇ ನಾನು ಅಂದು ಸಹಿ ಹಾಕಲಿಲ್ಲ. ಕಾಗದಗಳನ್ನು ಇಟ್ಟುಹೋಗಿ, ನಾಳೆ ಕೂತು ಲೆಕ್ಕ ಹಾಕೋಣ ಎಂದೆ. ಆ ಲೆಕ್ಕ ಒಬ್ಬರ ಮನೆಯದಲ್ಲ. ಕಾಲೇಜು ತೆರೆಯುವ ಹೊತ್ತಿಗೆ ಗಿರಣಿ ಕೆಲಸಗಾರರ, ಚಿಲ್ಲರೆ ಅಂಗಡಿಯವರ ಮನೆಮನೆಯಲ್ಲೂ ಇದೇ ಜಗಳ. ಆದುದರಿಂದ ಅದನ್ನು ಇಲ್ಲಿ ಎಲ್ಲರ ಮುಂದೆ ಇಡುತ್ತಿದ್ದೇನೆ.

ಮೊದಲಿಗೆ ಒಂದು ಮಾತು. ಇದರಲ್ಲಿ ಹುಡುಗರನ್ನು ಬೈದು ಪ್ರಯೋಜನವಿಲ್ಲ. ‘ನಮ್ಮ ಕಾಲದಲ್ಲಿ ನಡೆದೇ ಹೋಗುತ್ತಿದ್ದೆವು’ ಎನ್ನುವ ಹಿರಿಯರು ಊರು ಬೆಳೆದದ್ದನ್ನು ಮರೆಯುತ್ತಾರೆ. ದಾವಣಗೆರೆಯನ್ನೇ ನೋಡಿ. 1951ರಲ್ಲಿ ಹುಟ್ಟಿದ ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜು ಇಂದು ಊರೊಳಗೇ ಇದೆ. ವಿಶ್ವವಿದ್ಯಾನಿಲಯದ ಶಿವಗಂಗೋತ್ರಿ ಇರುವುದು ಊರ ಹೊರಗೆ, ತೋಳಹುಣಸೆಯ ಬಳಿ. ಎಲ್ಲ ಜಿಲ್ಲಾ ಕೇಂದ್ರಗಳ ಕಥೆಯೂ ಇದೇ: ಜಾಗ ಸಿಕ್ಕ ಕಡೆಗೆ ವಿದ್ಯಾಸಂಸ್ಥೆಗಳು ಹೋದವು, ಅವುಗಳ ಹಿಂದೆ ಹೋಗುವ ಹೊಣೆ ವಿದ್ಯಾರ್ಥಿಯ ಕಾಲಿಗೆ, ಅವನ ಅಪ್ಪನ ಜೇಬಿಗೆ ಬಿತ್ತು.

ಈಗ ಜೇಬಿನ ಲೆಕ್ಕ. ಸಾಧಾರಣ ಬೈಕೊಂದು ತೆರಿಗೆ, ವಿಮೆ, ನೋಂದಣಿ ಎಲ್ಲ ಸೇರಿ ರಸ್ತೆಗಿಳಿಯುವಾಗ ಲಕ್ಷ ರೂಪಾಯಿಯ ಆಸುಪಾಸು. 2025ರ ಸೆಪ್ಟೆಂಬರಿನಲ್ಲಿ 350 ಸಿ.ಸಿ. ವರೆಗಿನ ಬೈಕುಗಳ ಜಿ.ಎಸ್.ಟಿ.ಯನ್ನು ಶೇ. 28ರಿಂದ 18ಕ್ಕೆ ಇಳಿಸಿದರು, ನಿಜ. ಪೆಟ್ರೋಲು ಆ ಜಿ.ಎಸ್.ಟಿ.ಯೊಳಗೆ ಬರಲಿಲ್ಲ. ಕೊಳ್ಳುವ ದಿನ ಒಮ್ಮೆ ಉಳಿಯುತ್ತದೆ, ಓಡಿಸುವ ದಿನವೆಲ್ಲ ಕಳೆಯುತ್ತದೆ.

ಇಪ್ಪತ್ತು ಸಾವಿರ ಕೈಯಿಂದ ಕಟ್ಟಿ ಎಂಬತ್ತು ಸಾವಿರ ಸಾಲ ಮಾಡಿದಿರಿ ಎನ್ನಿ. ಮೂರು ವರ್ಷದ ಅವಧಿ. ‘ಬಡ್ಡಿ ಬರೇ ಹನ್ನೆರಡು ಪರ್ಸೆಂಟ್’ ಎನ್ನುತ್ತಾರೆ. ಅಲ್ಲಿ ತಡೆದು ಒಂದು ಪ್ರಶ್ನೆ ಕೇಳಬೇಕು: ಈ ಹನ್ನೆರಡು ಫ್ಲಾಟ್ ಬಡ್ಡಿಯೋ, ಇಳಿಯುವ ಅಸಲಿನ ಮೇಲಿನ ಬಡ್ಡಿಯೋ? ಫ್ಲಾಟ್ ಆದರೆ, ನೀವು ಅರ್ಧ ಅಸಲು ತೀರಿಸಿದ ಮೇಲೂ ಪೂರಾ ಎಂಬತ್ತು ಸಾವಿರಕ್ಕೇ ಬಡ್ಡಿ ಎಣಿಸುತ್ತಾರೆ. ಮೂರು ವರ್ಷಕ್ಕೆ ಬಡ್ಡಿ 28,800 ರೂ.; ತಿಂಗಳ ಕಂತು 3,022 ರೂ. ಇಳಿಯುವ ಅಸಲಿನ ಲೆಕ್ಕದಲ್ಲಿ ಅದೇ ಹನ್ನೆರಡಕ್ಕೆ ಕಂತು ಸುಮಾರು 2,657 ರೂ. ಮಾತ್ರ. ಫ್ಲಾಟ್ ಹನ್ನೆರಡರ ನಿಜರೂಪ ವರ್ಷಕ್ಕೆ ಶೇ. 21ರ ಹತ್ತಿರದ ಬಡ್ಡಿ. ತೂಕದಲ್ಲಿ ಐವತ್ತು ಗ್ರಾಂ ಕಡಿಮೆಯಾದರೆ ಅಂಗಡಿಯವನ ಕೈ ಹಿಡಿಯುವ ನಾವು ಈ ತಕ್ಕಡಿಯನ್ನು ನೋಡುವುದೇ ಇಲ್ಲ!

ಮುಂದೆ ನೋಡಿ. ದಿನಕ್ಕೆ ಇಪ್ಪತ್ತು ಕಿಲೋಮೀಟರಿನಂತೆ ತಿಂಗಳಿಗೆ ಇಪ್ಪತ್ತೈದು ದಿನ ಓಡಿಸಿದರೆ ಹತ್ತು ಲೀಟರ್ ಪೆಟ್ರೋಲು ಬೇಕು. ಸಾವಿರ ರೂಪಾಯಿ ಎನ್ನೋಣ. ಆಯಿಲು, ಟೈರು, ಬ್ರೇಕಿಗೆಂದು ಇನ್ನೂರೈವತ್ತು. ಕಂತೂ ಸೇರಿದರೆ ತಿಂಗಳಿಗೆ 4,272 ರೂ. ಹುಡುಗನ ಓದು ಎರಡು ವರ್ಷಕ್ಕೆ ಮುಗಿಯುತ್ತದೆ. ಸಾಲ ಮೂರನೇ ವರ್ಷವೂ ಓಡುತ್ತದೆ. ಒಟ್ಟು 1,58,800 ರೂ. ಹಳೆಯ ಗಾಡಿ ಮಾರಿದರೆ ಒಂದಿಷ್ಟು ಹಿಂದಕ್ಕೆ ಬಂದೀತು, ಇಲ್ಲವೆನ್ನಲಾರೆ. ಆದರೆ ಅದು ಬರುವುದು ಕೊನೆಗೆ. ಹೋಗುವುದು ತಿಂಗಳು ತಿಂಗಳೂ. ಆ ತಿಂಗಳ ಹಣ ಎಲ್ಲಿಂದ ಬರುತ್ತದೆ? ಅಪ್ಪ ಓವರ್‌ಟೈಂ ಮಾಡಬೇಕು, ಇಲ್ಲವೇ ಮಗ ಅದೇ ಬೈಕಿನಲ್ಲಿ ರಾತ್ರಿ ಊಟದ ಪೊಟ್ಟಣ ಹಂಚಲು ಹೋಗಬೇಕು. ಓದಲೆಂದು ಕೊಂಡ ಬೈಕನ್ನು ಉಳಿಸಿಕೊಳ್ಳಲು ಓದು ಬಿಡುವ ಸ್ಥಿತಿ!

ಹಣಕ್ಕಿಂತ ದೊಡ್ಡ ಲೆಕ್ಕ ಜೀವದ್ದು. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44 ಮಂದಿಗಿಂತ ಹೆಚ್ಚಿನವರು ದ್ವಿಚಕ್ರ ವಾಹನದ ಮೇಲಿದ್ದವರು. ಹೊಸ ಬೈಕಿಗೆ ಐದು ವರ್ಷದ ವಿಮೆ ಕಡ್ಡಾಯವಾಗಿ ಕಟ್ಟಿಸಿಕೊಳ್ಳುತ್ತಾರಲ್ಲ, ಅದು ಇದಿರಿನವನಿಗೆ ಆಗುವ ನಷ್ಟದ ವಿಮೆ. ಸವಾರನ ಅಪಘಾತ ವಿಮೆ ಬೇರೆ. ಅದೂ ಮಾಲೀಕನ ಹೆಸರಿನಲ್ಲಿರುತ್ತದೆ. ಗಾಡಿ ಅಪ್ಪನ ಹೆಸರಿನಲ್ಲಿದ್ದು ಮಗ ಬಿದ್ದರೆ ಆ ಹಣ ಸಿಕ್ಕೇ ಸಿಗುತ್ತದೆಂದು ನಂಬಿ ಕೂರಬೇಡಿ. ಸಹಿಗೆ ಮುನ್ನವೇ ಕೇಳಿ, ಬರೆಸಿಕೊಳ್ಳಿ. ಇಷ್ಟೆಲ್ಲ ಖರ್ಚು ಮಾಡಿ ಒಳ್ಳೆಯ ಹೆಲ್ಮೆಟ್ಟಿಗೆ ಚೌಕಾಸಿ ಮಾಡುವುದು ಆನೆ ಕೊಟ್ಟು ಅಂಕುಶಕ್ಕೆ ಜಗಳವಾಡಿದಂತೆ. ಹಿಂದೆ ಕೂರುವವನಿಗೂ ಹೆಲ್ಮೆಟ್ ಬೇಕೇ ಬೇಕು.

ಪಿ.ಯು. ಓದುವ ಮಕ್ಕಳ ತಂದೆತಾಯಿಗಳು ಇನ್ನೂ ಒಂದು ವಿಷಯ ತಿಳಿದಿರಬೇಕು. ಬೈಕಿನ ಲೈಸೆನ್ಸಿಗೆ 18 ತುಂಬಿರಬೇಕು. 16ಕ್ಕೆ ಸಿಗುವುದು 50 ಸಿ.ಸಿ. ಮೀರದ, ಗೇರಿಲ್ಲದ ಗಾಡಿಯ ಲೈಸೆನ್ಸು ಮಾತ್ರ. ರಸ್ತೆಯಲ್ಲಿ ಕಾಣುವ ಪೆಟ್ರೋಲ್ ಸ್ಕೂಟರುಗಳು ಸಾಮಾನ್ಯವಾಗಿ ಅದರ ಎರಡು ಪಟ್ಟು. 2019ರಲ್ಲಿ ತಿದ್ದಿದ ಕಾಯಿದೆಯಂತೆ ಅಪ್ರಾಪ್ತ ಮಗ ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪೋಷಕನಿಗೆ, ಇಲ್ಲವೇ ಮಾಲೀಕನಿಗೆ, 25,000 ರೂ. ದಂಡ, ಮೂರು ವರ್ಷದವರೆಗೆ ಸೆರೆ; ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು; ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸಿಲ್ಲ. ಪ್ರೀತಿಗೆಂದು ಕೊಟ್ಟ ಕೀಲಿಕೈ ಅಪ್ಪನನ್ನೇ ಕೋರ್ಟಿನ ಕಟಕಟೆಯಲ್ಲಿ ನಿಲ್ಲಿಸುತ್ತದೆ.

ಹಾಗಾದರೆ ಯಾರೂ ಬೈಕ್ ಕೊಳ್ಳಬಾರದೇ? ಹಾಗಲ್ಲ. ಬೆಳಗಿನ ಜಾವ ಮಾರ್ಕೆಟ್ಟಿನಿಂದ ತರಕಾರಿ ತಂದು ಅಂಗಡಿ ತೆರೆದು, ಆಮೇಲೆ ಕಾಲೇಜಿಗೆ ಹೋಗುವ ವ್ಯಾಪಾರಿಯ ಮಗನಿದ್ದಾನೆ. ಅವನ ಬೈಕು ಅಂಗಡಿಯ ಬಂಡವಾಳ. ಕಂತನ್ನು ಅದೇ ದುಡಿಯುತ್ತದೆ. ಬಸ್ಸೇ ಕಾಣದ ಹಳ್ಳಿಯ ಹುಡುಗನ ಲೆಕ್ಕವೂ ಬೇರೆ. ಅಂಥವರು ಕೊಳ್ಳಲಿ, ಸಾಧ್ಯವಾದರೆ ಸಾಲವಿಲ್ಲದೆ, ಕಾಗದಪತ್ರ ಸರಿಯಿರುವ ಹಳೆಯ ಗಾಡಿ ಕೊಳ್ಳಲಿ. ಕಾರಿನ ಮಾತನ್ನು ನಮ್ಮ ಓದುಗರ ಮುಂದೆ ಹೆಚ್ಚು ಬೆಳೆಸಬೇಕಾಗಿಲ್ಲ. ಬಸ್ಸಿನಲ್ಲಿ ಕೂರುವ ಐವತ್ತು ಜನ ಒಬ್ಬೊಬ್ಬರೇ ಕಾರಿನಲ್ಲಿ ಹೊರಟರೆ, ಕಾರುಗಳು ಒಂದರ ಹಿಂದೊಂದು ಅಂಟಿ ನಿಂತರೂ ಇನ್ನೂರು ಮೀಟರ್ ಸಾಲಾಗುತ್ತದೆ. ನಮ್ಮ ಪಿ.ಬಿ. ರಸ್ತೆಗೆ ಆ ಭಾಗ್ಯ ಬೇಡ.

ಮೂರು ನಾಲ್ಕು ಕಿಲೋಮೀಟರಿನೊಳಗಿನ ಕಾಲೇಜಿಗೆ ಸೈಕಲ್ಲಿನಷ್ಟು ಒಳ್ಳೆಯ ವಾಹನ ಇನ್ನೊಂದಿಲ್ಲ. ಬೈಕಿನ ಎರಡು ತಿಂಗಳ ಖರ್ಚಿನಲ್ಲಿ ಗಟ್ಟಿ ಸೈಕಲ್ ಬರುತ್ತದೆ. ಸೈಕಲ್ಲೆಂದರೆ ಬಡತನದ ಗುರುತು ಎಂದು ಮೂಗು ಮುರಿಯುವವರಿದ್ದಾರೆ. 2006-07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಾಗ ಹಳ್ಳಿಯ ಹೆಣ್ಣುಮಕ್ಕಳು ಸಾಲಾಗಿ ಹೈಸ್ಕೂಲಿಗೆ ಹೋದದ್ದನ್ನು ನಾವೆಲ್ಲ ಕಂಡಿದ್ದೇವೆ. 2020ರಲ್ಲಿ ಆ ಹಂಚಿಕೆ ನಿಂತದ್ದು ಬಡವರಿಗಾದ ನಷ್ಟ. ಕಾಲೇಜಿನಲ್ಲಿ ನೆರಳಿರುವ ಸೈಕಲ್ ಸ್ಟ್ಯಾಂಡು, ಊರಿನ ರಸ್ತೆಯಲ್ಲಿ ಲಾರಿಯ ಭಯವಿಲ್ಲದ ಒಂದು ಅಂಚು: ಇವೆರಡನ್ನು ಕೇಳುವುದು ಅತಿಯಾಸೆಯಲ್ಲ.

ಎಂಟು ಹತ್ತು ಕಿಲೋಮೀಟರಿಗೆ, ನಮ್ಮ ಬಿಸಿಲಿನಲ್ಲಿ, ಬಸ್ಸೇ ಸರಿ. 1948ರ ಸೆಪ್ಟೆಂಬರಿನಲ್ಲಿ ಮೈಸೂರು ಸರ್ಕಾರ ಸಾರಿಗೆ ಇಲಾಖೆಯನ್ನು ತೆರೆದು ತಾನೇ ಬಸ್ಸು ಓಡಿಸಲು ಹೊರಟಿತು. 1961ರಲ್ಲಿ ಅದು ನಿಗಮವಾಯಿತು. ದಾರಿ ಎಲ್ಲರದು, ಪಯಣವೂ ಎಲ್ಲರಿಗೂ ಎಟುಕಬೇಕು ಎಂಬುದೇ ಸರ್ಕಾರಿ ಬಸ್ಸಿನ ಅರ್ಥ. ವಿದ್ಯಾರ್ಥಿಗೆ ರಿಯಾಯಿತಿ ಪಾಸಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೇಟಿನ ದುಡ್ಡೇ ಇಲ್ಲ. ಆದರೆ ಪಾಸು ಕೈಯಲ್ಲಿದ್ದರೆ ಸಾಲದು, ಬಸ್ಸು ಹೊತ್ತಿಗೆ ಬರಬೇಕು, ನಿಲ್ಲಬೇಕು, ಒಳಗೆ ಕಾಲಿಡಲು ಜಾಗವಿರಬೇಕು. ಬಾಗಿಲಲ್ಲಿ ನೇತಾಡುವ ಮಗನನ್ನು ಕಂಡ ಯಾವ ತಾಯಿಯೂ ‘ಬೈಕೇ ಕೊಡಿಸಿ’ ಎನ್ನದೆ ಇರಲಾರಳು. ಬೆಳಗಿನ ಒಂದು ಬಸ್ಸು ಕಡಿಮೆಯಾದರೆ ಐವತ್ತು ಮನೆಗಳಲ್ಲಿ ಸಾಲದ ಕಾಗದ ಬಿಚ್ಚಿಕೊಳ್ಳುತ್ತದೆ. ಸರ್ಕಾರದ ಖಜಾನೆಯಿಂದ ಬರಬೇಕಾದ ಹಣ ಕೂಲಿಕಾರನ ಕಂತಾಗಿ ಹರಿದುಹೋಗುತ್ತದೆ.

ಸೋಮವಾರ ಆ ಗೆಳೆಯರು ಮಗನನ್ನೂ ಕರೆದುಕೊಂಡು ಬಂದರು. ಲೆಕ್ಕವನ್ನು ಅವನ ಕೈಯಲ್ಲೇ ಮಾಡಿಸಿದೆ, ಎಂ.ಕಾಂ. ಓದುವವನಲ್ಲವೇ! ಫ್ಲಾಟ್ ಬಡ್ಡಿಯ ಸಾಲು ಬಂದಾಗ ಅವನೇ ಪೆನ್ನು ಕೆಳಗಿಟ್ಟ. ಆಮೇಲೆ, “ಹಂಗಾದ್ರೆ ಒಂಬತ್ತು ಗಂಟೆ ಕ್ಲಾಸಿಗೆ ನಾನು ಹೋಗೋದು ಹೆಂಗ್ರೀ ದೊಡ್ಡಪ್ಪಾ?” ಎಂದು ಕೇಳಿದ. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಕೊಡದೆ ಬರೇ ಬೈಕ್ ಬೇಡವೆಂದರೆ ಅದು ಉಪದೇಶವಾದೀತು.

ಉತ್ತರ ಒಂದೇ ದಿನದಲ್ಲಿ ಬರುವುದಲ್ಲ, ಆದರೆ ದಾರಿಯಿದೆ. ಒಂದು ವಾರ ವಿದ್ಯಾರ್ಥಿಗಳೇ ನಿಲ್ದಾಣದಲ್ಲಿ ನಿಂತು ಬರೆದಿಡಲಿ: ಎಂಟರಿಂದ ಒಂಬತ್ತೂವರೆಯವರೆಗೆ ಎಷ್ಟು ಬಸ್ಸು ಬಂತು, ಎಷ್ಟು ನಿಂತಿತು, ಎಷ್ಟು ಮಂದಿ ಹತ್ತಲಾರದೆ ಉಳಿದರು. ಆ ಲೆಕ್ಕದ ಕೆಳಗೆ ತಂದೆತಾಯಿಗಳೂ ಪ್ರಾಂಶುಪಾಲರೂ ಸಹಿ ಹಾಕಲಿ. ಅದನ್ನು ಹಿಡಿದು ಡಿಪೋ ಮ್ಯಾನೇಜರರ ಬಳಿಗೆ, ವಿಭಾಗದ ಅಧಿಕಾರಿಗಳ ಬಳಿಗೆ, ಶಾಸಕರ ಬಾಗಿಲಿಗೆ ಹೋಗೋಣ. ಬಾಯಿಮಾತಿನ ದೂರನ್ನು ತಳ್ಳಿಹಾಕಬಹುದು. ದಿನ, ಗಂಟೆ, ಸಂಖ್ಯೆ ಇರುವ ಕಾಗದವನ್ನು ಅಷ್ಟು ಸುಲಭವಾಗಿ ತಳ್ಳಲಾಗದು.

ಹುಡುಗ ಒಪ್ಪಿದ್ದಾನೆ. ಎಣಿಕೆ ಶುರುವಾಗಿದೆ. ಬಸ್ಸು ಬರದಿದ್ದರೆ ಮೂರು ತಿಂಗಳ ನಂತರ ಹಳೆಯ ಗಾಡಿಯೊಂದನ್ನು ನೋಡೋಣವೆಂದು ಅವನಿಗೆ ಮಾತು ಕೊಟ್ಟಿದ್ದೇನೆ. ಆ ಮಾತು ತಪ್ಪುವುದಿಲ್ಲ. ಸಾಲದ ಕಾಗದಕ್ಕೆ ಹಾಕದ ಸಹಿಯನ್ನು ನಾನು ಬಸ್ಸಿನ ಮನವಿಗೆ ಹಾಕಿದ್ದೇನೆ. ಅದರ ಕೆಳಗೆ ಇನ್ನೂ ಬಹಳ ಜಾಗವಿದೆ. ಓದುಗ ಬಂಧುಗಳು ಬಂದು ಸಹಿ ಹಾಕಬೇಕು.